ಶಂಕ್ರಮ್ಮನ ಕಣ್ಣು

ಮೂರನೆಯ ಪೆಟ್ಟಿಗೆಯ ನೆಗೆಟಿವ್‌ಗಳ ಬೂಷ್ಟು ಒರೆಸುತ್ತಿದ್ದೆ. ಮದರಾಸಿನ ತೇವಕ್ಕೆ ಉಪ್ಪಿನಕಾಯಿಯೂ ಒಂದೇ, ಫಿಲ್ಮೂ ಒಂದೇ; ನೋಡದೆ ಬಿಟ್ಟರೆ ಎರಡಕ್ಕೂ ಬಿಳಿ ಕೂದಲು ಬರುತ್ತದೆ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಹಿಂಡಿ, ಒಂದೇ ದಿಕ್ಕಿಗೆ ಎಳೆಯಬೇಕು. ಅತ್ತಿತ್ತ ಉಜ್ಜಿದರೆ ಬೂಷ್ಟಿನ ಜೊತೆಗೆ ಮುಖವೂ ಹೋಗುತ್ತದೆ.

ಒರೆಸಿದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು ಅದರಲ್ಲಿ ಏನಿದೆ ಎಂದು ನಾನು ಹೇಳುತ್ತೇನೆ. ಎದುರಿಗೆ ಬೆತ್ತದ ಕುರ್ಚಿಯಲ್ಲಿ ಕೂತ ಸೋಮಲಿಂಗಪ್ಪನವರು ಆ ದಿನ ನಡೆದದ್ದನ್ನು ಹೇಳುತ್ತಾರೆ. ಅವರಿಗೀಗ ಎಂಬತ್ತಾರು. ಐದು ವರ್ಷದಿಂದ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದು. ತ್ರಿಪ್ಲಿಕೇನಿನ ಈ ಓಣಿಯಲ್ಲಿ ಐವತ್ತು ವರ್ಷ ಸ್ಟುಡಿಯೊ ನಡೆಸಿದವರು. ಕೆಳಗಿನ ಅಂಗಡಿಯಲ್ಲಿ ಈಗ ಯಾರೋ ಮೊಬೈಲ್ ಕವರು ಮಾರುತ್ತಾರೆ. ಮೇಲಿನ ಮನೆಯಲ್ಲಿ ಅವರು, ಮಗ, ಸೊಸೆ ಜ್ಯೋತಿ. ನಾನು, ಸಾಕವ್ವ, ಪಕ್ಕದ ಓಣಿಯವಳು. ಸ್ಟುಡಿಯೊ ಮುಚ್ಚಿದ ಮೇಲೂ ಬರುವುದನ್ನು ಬಿಟ್ಟಿಲ್ಲ.

ಮದುವೆ, ನಾಮಕರಣ, ಪಾಸ್‌ಪೋರ್ಟಿನ ನೆಗೆಟಿವ್‌ಗಳನ್ನು ಪ್ರತಿ ವರ್ಷ ಒರೆಸಿ ಇಡುವವಳು ನಾನೇ. ಆದರೆ ಈ ಪೆಟ್ಟಿಗೆಗಳು ಅವರ ಸ್ವಂತದವು. ಗುರುವಾರ ಸ್ಟುಡಿಯೊ ರಜ. ಅವತ್ತು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊರು ತಿರುಗಿ ತೆಗೆದ ಚಿತ್ರಗಳು ಇವು. ಇವನ್ನು ತೊಳೆಯುವುದು, ಒಣಗಿಸುವುದು, ಕವರಿಗೆ ಹಾಕುವುದು ಎಲ್ಲ ಅವರೇ, ನನಗೂ ಕೊಡುತ್ತಿರಲಿಲ್ಲ. ಈ ವರ್ಷ ಪೆಟ್ಟಿಗೆಗಳಿಂದ ಹುಳಿ ವಾಸನೆ ಬರತೊಡಗಿದ್ದಕ್ಕೆ ತೆಗೆಯಲು ಒಪ್ಪಿದರು.

"ದೇವ್ರ ವೇಸ ಹಾಕ್ಕೊಂಡವ್ನೆ ಒಬ್ಬ," ಎಂದೆ. "ಕಿರೀಟ ಅದೆ. ಕೈನಲ್ಲಿ ಟೀ ಲೋಟ."

"ವಡಪಳನಿ. ಸಿನಿಮಾ ಸ್ಟುಡಿಯೊ ಗೇಟಿನ ಮುಂದ. ಅವ ದೊಡ್ಡ ದೇವರಲ್ಲವ್ವಾ, ಹಿಂದ ನಿಂದ್ರೋ ದೇವರು. ಕವರಿನ ಮ್ಯಾಲ ಓದು."

ಕವರಿನ ಮೇಲೆ ಅವರ ಸಣ್ಣ ಅಕ್ಷರ: 'ಮುಂದಿನ ಸಾಲಿನ ದೇವರಿಗೆ ಇಡ್ಲಿ, ನಮಗೆ ಬರೀ ಟೀ ಅಂದ. ಕೊಟ್ಟಾಯ್ತು.'

ಪ್ರತಿ ಕವರೂ ಹೀಗೇ. ಊರು, ವೇಳೆ, ಆ ಮನುಷ್ಯ ಆಡಿದ ಒಂದು ಮಾತು. ಕೊನೆಗೆ 'ಕೊಟ್ಟಾಯ್ತು.' ಚಿತ್ರ ತೆಗೆದರೆ ಅದರ ಪ್ರತಿ ಅದರಲ್ಲಿದ್ದವರ ಕೈ ಸೇರಬೇಕು. ಇಲ್ಲದಿದ್ದರೆ ಅದು ಕದ್ದ ಹಾಗೆ. ಇದು ಅವರ ನೇಮ. ಎಗ್ಮೋರ್ ಸ್ಟೇಷನ್ನಿನಲ್ಲಿ ತಳ್ಳುಗಾಡಿಯ ಮೇಲೆ ಮಲಗಿದ್ದ ಕೂಲಿಯೊಬ್ಬನಿಗಾಗಿ ಆರು ಗುರುವಾರ ಅಲೆದಿದ್ದರು. ಅವನು ಫೋಟೊ ನೋಡಿ, 'ನಾನು ಮಲಗಿದ್ದು ಯಾರಿಗೆ ಬೇಕು ಸಾರ್, ಎದ್ದು ನಿಂತದ್ದು ತೆಗೀಬಾರದಾ' ಎಂದನಂತೆ. ಅವತ್ತೇ ಎದ್ದು ನಿಂತದ್ದನ್ನೂ ತೆಗೆದು, ಏಳನೆಯ ಗುರುವಾರ ಅದನ್ನೂ ಕೊಟ್ಟು ಬಂದರು. ಇಂಥ ಮನುಷ್ಯನ ಬಳಿ ನಾನು ಕೆಲಸ ಕಲಿತೆ. ಅದಕ್ಕೇ, ಅವರಿಗೆ ತಿಳಿಯದ ಹಾಗೆ ಮೂರು ವರ್ಷದಿಂದ ನನ್ನ ಟ್ರಂಕಿನಲ್ಲಿ ಬಚ್ಚಿಟ್ಟಿದ್ದ ಕಾಗದ ನನ್ನನ್ನು ಅಷ್ಟು ಸುಡುತ್ತಿತ್ತು.

ಆ ಕಾಗದದ ವಿಷಯ ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ನನ್ನ ಯಜಮಾನ ಅಂದಾನಿ ಇಲ್ಲಿನ ಒಂದು ಮೆಸ್ಸಿನಲ್ಲಿ ಅಡಿಗೆಗಿದ್ದರು. ಮೆಸ್ಸಿನ ಹಿತ್ತಲಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುವುದು ನನ್ನ ಕೆಲಸ. ಊಟಕ್ಕೆ ಬರುತ್ತಿದ್ದ ಸೋಮಲಿಂಗಪ್ಪನವರು ಒಂದು ದಿನ ನಿಂತು ನೋಡಿ, "ನಿನ್ನ ಕಣ್ಣು ಫೋಟೊಕ್ಕ ಬೇಕವ್ವಾ" ಎಂದರು. ಪ್ರಿಂಟಿನ ಮೇಲೆ ಧೂಳು ಕೂತ ಕಡೆ ಬಿಳಿ ಚುಕ್ಕಿಗಳು ಬೀಳುತ್ತವೆ. ಅವನ್ನು ಕೂದಲೆಳೆಯ ಕುಂಚದಿಂದ ಮುಚ್ಚಬೇಕು. ಅಕ್ಕಿಯಲ್ಲಿ ಕಲ್ಲು ಹುಡುಕಿದಷ್ಟೇ ಸಲೀಸಾಗಿ ನಾನು ಚುಕ್ಕಿ ಹುಡುಕಿದೆ. ಮುಂದೆ ಮುಖದ ಕಲೆ ತಿದ್ದಲು ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದೆ. ಕವರು ಓದಲಾಗದವಳು ಪೆಟ್ಟಿಗೆ ಹೇಗೆ ಜೋಡಿಸುತ್ತಿ ಎಂದು ಬೈದು ಅವರೇ ರಾತ್ರಿ ಶಾಲೆಗೆ ಸೇರಿಸಿದರು. ಸತ್ಯಾತ್ಮ ಮೇಷ್ಟ್ರು ನನಗೆ ಮೂವತ್ತೊಂದನೆಯ ವಯಸ್ಸಿನಲ್ಲಿ ಅ ಆ ಬರೆಸಿದರು.

ಎಲ್ಲಕ್ಕಿಂತ ಕಷ್ಟದ ಕೆಲಸ ಕಣ್ಣು ಬರೆಯುವುದು. ಸೋಮಲಿಂಗಪ್ಪನವರ ಲಿಂಗಾಯತ ಮಂದಿಯಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆಗೆ ವಿಭೂತಿ ಬಳಿದು, ರುದ್ರಾಕ್ಷಿ ಹಾಕಿ, ಹೂವಿನಲ್ಲಿ ಸಿಂಗರಿಸಿದ ಮೇಲೆ ಫೋಟೊದವರಿಗೆ ಹೇಳಿ ಕಳಿಸುತ್ತಾರೆ. ಆಗೆಲ್ಲ ಎಷ್ಟೋ ಹೆಣ್ಣುಮಕ್ಕಳಿಗೆ ಅದೇ ಮೊದಲನೆಯ ಫೋಟೊ, ಅದೇ ಕಡೆಯದು. ಗೋಡೆಗೆ ಹಾಕುವಾಗ ಮುಚ್ಚಿದ ಕಣ್ಣು ಯಾರಿಗೂ ಬೇಡ. ಹಾಗಾಗಿ ನಾವು ದೊಡ್ಡ ಪ್ರಿಂಟು ಹಾಕಿ, ಅದರ ಮೇಲೆ ತೆರೆದ ಕಣ್ಣು ಬರೆದು, ಮತ್ತೆ ಅದರ ಫೋಟೊ ತೆಗೆದು ಕೊಡುತ್ತಿದ್ದೆವು. ಅದಕ್ಕೂ ಸೋಮಲಿಂಗಪ್ಪನವರ ನೇಮ ಇತ್ತು. ಯಾರ ಕಣ್ಣು ಹೋಲುತ್ತದೆ ಎಂದು ಮನೆಯವರನ್ನು ಕೇಳಬೇಕು. ಅಕ್ಕನೋ, ತಮ್ಮನೋ, ಅವರನ್ನು ಕೂರಿಸಿಕೊಂಡು ನೋಡಿ ಬರೆಯಬೇಕು. ಮನಸ್ಸಿನಿಂದ ಬರೆಯಕೂಡದು.

ಎಂಬತ್ತೆಂಟನೆಯ ಇಸವಿ, ತಮಿಳರ ಮಾಸಿ ತಿಂಗಳು. ಎರಡು ಓಣಿ ಆಚೆ, ಜವಳಿ ವ್ಯಾಪಾರದವರ ಮನೆಯ ಸೊಸೆ ಶಂಕ್ರಮ್ಮ ಹೆಣ್ಣುಮಗುವನ್ನು ಹೆತ್ತು ನಾಲ್ಕನೆಯ ದಿನ ತೀರಿಕೊಂಡಳು. ಮದುವೆಯಾಗಿ ಕನ್ನಡ ಸೀಮೆಯ ಹಳ್ಳಿಯೊಂದರಿಂದ ಬಂದು ಒಂದೂವರೆ ವರ್ಷ. ಸೋಮಲಿಂಗಪ್ಪನವರು ಹೋಗಿ ಫೋಟೊ ತೆಗೆದು ತಂದರು. ನೆಗೆಟಿವ್ ನನ್ನ ಕೈಗೆ ಕೊಟ್ಟು, "ಆಕಿ ತಂಗಿ ಊರಿಂದ ಬರ್ತಾಳಂತ, ಬಂದಮ್ಯಾಲ ಕಣ್ಣು ಬರಿ" ಎಂದು ಕಂಚಿಯಲ್ಲಿ ಒಪ್ಪಿಕೊಂಡಿದ್ದ ಮದುವೆಗೆ ಹೊರಟರು. ತಂಗಿ ಬರಲಿಲ್ಲ. ಹನ್ನೊಂದನೆಯ ದಿನದ ಪೂಜೆಗೆ ಫೋಟೊ ಬೇಕೆಂದು ಮನೆಯವರು ಮೂರು ಸಲ ಬಂದು ಹೋದರು. ಮೂರನೆಯ ಸಲ ಬಂದವನು ಗಂಡ. ಬಾಗಿಲಲ್ಲಿ ನಿಂತಿದ್ದು ಹಾಗೇ ಹೋದ. ಆ ಮಧ್ಯಾಹ್ನ ನಾನು ಕನ್ನಡಿ ಎದುರಿಗಿಟ್ಟುಕೊಂಡು ನನ್ನ ಕಣ್ಣನ್ನೇ ನೋಡಿ ಬರೆದುಬಿಟ್ಟೆ. ತಂಗಿ ಬಂದಿದ್ದಳು ಎಂದು ಸೋಮಲಿಂಗಪ್ಪನವರಿಗೆ ಸುಳ್ಳು ಹೇಳಿದೆ.

ಮುಂದೆ ಆ ಗಂಡ ಮಗುವನ್ನು ಕರೆದುಕೊಂಡು ವ್ಯಾಪಾರಕ್ಕೆಂದು, ಶಂಕ್ರಮ್ಮನನ್ನು ಕಂಡವರಿಲ್ಲದ ದಾವಣಗೆರೆಗೆ ಹೋದ. ಮೂವತ್ತನಾಲ್ಕು ವರ್ಷ ಕಳೆದ ಮೇಲೆ ಸ್ಟುಡಿಯೊ ವಿಳಾಸಕ್ಕೆ ಒಂದು ಕಾಗದ ಬಂತು. ಅವರಿಗೆ ಕಣ್ಣು ಹೋದಾಗಿನಿಂದ ಟಪಾಲು ಓದಿ ಹೇಳುವವಳು ನಾನೇ. ಇದೊಂದನ್ನು ಓದಿ ಹೇಳಲಿಲ್ಲ. ಅದರಲ್ಲಿ ಹೀಗಿತ್ತು:

'ನಾನು ಶಂಕ್ರಮ್ಮನ ಮಗಳು ತೇಜಶ್ರೀ. ನನ್ನ ಎಡಗಣ್ಣು ಮೂಗಿನ ಕಡೆಗೆ ವಾಲಿದೆ. ಚಿಕ್ಕಂದಿನಿಂದ ಎಲ್ಲರೂ ಅವ್ವನ ಫೋಟೊ ತೋರಿಸಿ, ನಿಮ್ಮವ್ವನ ಕಣ್ಣು ದೀಪ ಇದ್ದಂಗ ಅದಾವು, ನೀ ಯಾರನ್ನ ಹೋತಿ ಎನ್ನುತ್ತಿದ್ದರು. ಈಗ ನನ್ನ ನಾಲ್ಕು ವರ್ಷದ ಮಗಳಿಗೂ ಹಾಗೇ ಆಗಿದೆ. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರು ಕೇಳಿದರು. ಅಪ್ಪನೂ ಇಲ್ಲ, ಹೇಳುವವರು ಯಾರೂ ಉಳಿದಿಲ್ಲ. ಫೋಟೊದ ಹಿಂದೆ ನಿಮ್ಮ ಮೊಹರಿದೆ. ಅವ್ವನ ಬೇರೆ ಫೋಟೊ ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.'

ಉತ್ತರ ಬರೆಯಲು ಎಷ್ಟು ಸಲ ಕೂತೆನೋ. 'ಆ ಕಣ್ಣು ನಿಮ್ಮ ತಾಯಿಯದಲ್ಲ' ಎಂದು ಬರೆದು, ಮುಂದೇನು ಬರೆಯಲಿ? ಅವಳು ಹುಟ್ಟಿದಾಗಿನಿಂದ ಕೈಮುಗಿಯುತ್ತ ಬಂದ ಮುಖವನ್ನು ಕಿತ್ತುಕೊಂಡು, ಬದಲಿಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಮೇಲಾಗಿ ಸೋಮಲಿಂಗಪ್ಪನವರ ಹೆಸರು. ಐವತ್ತು ವರ್ಷ ಒಂದು ಸುಳ್ಳು ಗೆರೆ ಎಳೆಯದವರ ಮೊಹರು ನನ್ನ ಸುಳ್ಳಿನ ಬೆನ್ನ ಮೇಲಿದೆ.

ಈಗ ಮೂರನೆಯ ಪೆಟ್ಟಿಗೆಗೆ ಬರುತ್ತೇನೆ.

ದೇವರ ವೇಷದವನನ್ನು ಕವರಿಗೆ ಹಾಕಿ ಮುಂದಿನದನ್ನು ಒರೆಸಿದೆ. ನೀರಿನ ಲಾರಿ. ಲಾರಿಯ ಮುಂದೆ ಪ್ಲಾಸ್ಟಿಕ್ ಕೊಡಗಳ ಸಾಲು, ಹೆಂಗಸರ ಜಗಳ, ಒಬ್ಬಳು ಕೊಡವನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಬಿಸಿಲು ತಪ್ಪಿಸಿಕೊಂಡಿದ್ದಾಳೆ. ಸಾಲಿನ ತುದಿಯಲ್ಲಿ ಸೊಂಟಕ್ಕೆ ಕೊಡ ಇಟ್ಟುಕೊಂಡ ಒಬ್ಬಳು ನೇರ ಕ್ಯಾಮೆರಾ ಕಡೆ ತಿರುಗಿ ನಗುತ್ತಿದ್ದಳು.

ನೆಗೆಟಿವ್‌ನಲ್ಲಿ ಕೂದಲು ಬೆಳ್ಳಗೆ, ಮುಖ ಕಪ್ಪಗೆ. ಬೇರೆಯವರಿಗೆ ಎಲ್ಲವೂ ದೆವ್ವಗಳೇ. ನಾನು ನಲವತ್ತು ವರ್ಷ ಮುಖಗಳನ್ನು ನೋಡಿದ್ದೇ ಹಾಗೆ. ಪ್ರಿಂಟಿನಲ್ಲಿ ಮರೆತವರನ್ನೂ ನೆಗೆಟಿವ್‌ನಲ್ಲಿ ಗುರುತಿಸುತ್ತೇನೆ. ಆ ಗಲ್ಲದ ಕೆಳಗಿನ ಕುಳಿ, ಓಲೆಯ ಭಾರಕ್ಕೆ ತೂತು ಹರಿದು ಎರಡಾದ ಕಿವಿಯ ತುದಿ. ಅದರ ಮೇಲೆ ಒಂದು ವಾರ ಪೆನ್ಸಿಲ್ ಆಡಿಸಿದವಳು ನಾನು.

"ಯಾಕ ಸುಮ್ಮನಾದಿ?" ಎಂದರು ಸೋಮಲಿಂಗಪ್ಪನವರು. "ಪೂರಾ ಹೋಗೇತೇನು?"

"ಇಲ್ಲ. ನೀರಿನ ಲಾರಿ."

"ಅದರಾಗ ನಗೂ ಹುಡಿಗಿ ಅದಾಳೇನು? ತುದೀಗೆ?"

"ಅವ್ಳೆ."

"ಕವರ್ ಓದು."

ಓದಿದೆ. 'ತ್ರಿಪ್ಲಿಕೇನ್. ಎಂಬತ್ತೇಳು, ಮೇ. ಹಸಿರು ಕೊಡದಾಕಿ ಕನ್ನಡದವಳು. ನಂದು ತೆಗೀಬ್ಯಾಡ್ರಿ, ನನ್ನ ಕಣ್ಣು ಎರಡು ಊರು ನೋಡ್ತಾವ ಅಂದಳು. ಒಂದು ಈ ಊರು ನೋಡ್ಲಿ, ಒಂದು ನಿಮ್ಮೂರು ನೋಡ್ಲಿ ಅಂದೆ. ನಕ್ಕಳು.' ಅದರ ಕೆಳಗೆ, ಎರಡು ಗೆರೆ ಎಳೆದು: 'ಕೊಟ್ಟಿಲ್ಲ.'

"ಹುಡುಕಿದೆ," ಎಂದರು ಅವರು. "ಐದಾರು ವಾರ ಲಾರಿ ಮುಂದ ನಿಂತೆ. ಬಸುರಿ ಆಗ್ಯಾಳ, ನೀರಿಗೆ ಬರಾಂಗಿಲ್ಲ ಅಂದ್ರು. ಹೆಸರು ಯಾರಿಗೂ ಗೊತ್ತಿಲ್ಲ. ಆ ಪೆಟ್ಟಿಗ್ಯಾಗ ಕೊಡದೇ ಉಳಿದದ್ದು ಅದೊಂದs."

ನನ್ನ ಕೈಯಲ್ಲಿ ಹತ್ತಿ ಒಣಗಿಹೋಗಿತ್ತು. "ಅವ್ಳ ಹೆಸ್ರು ಶಂಕ್ರಮ್ಮ, ಅಣ್ಣೋರೆ. ಜವಳಿಯೋರ ಮನೆ ಸೊಸೆ. ನೀವೇ ಕಡೇ ಫೋಟೊ ತೆಗೆದ್ರಿ."

ಅವರು ಕುರ್ಚಿಯ ಕೈ ಮೇಲೆ ಬೆರಳು ಆಡಿಸುತ್ತಿದ್ದರು.

"ಆಕೀನಾ," ಎಂದರು. "ಎದುರಿಗೆ ನಿಂತು ತೆಗೆದೆ, ಗುರ್ತು ಸಿಗಲಿಲ್ಲ ನೋಡು. ಕಣ್ಣು ಮುಚ್ಚಿದ್ವು."

ಆಗ ಎಲ್ಲ ಹೇಳಿದೆ. ಕನ್ನಡಿ, ನನ್ನ ಕಣ್ಣು, ತಂಗಿ ಬಂದಳೆಂಬ ಸುಳ್ಳು, ಟ್ರಂಕಿನ ಕಾಗದ. ಹೇಳುವಾಗ ನೆಲ ನೋಡುತ್ತಿದ್ದೆ. ಅವರಿಗೆ ನನ್ನ ಮುಖ ಕಾಣದು ಎಂಬುದೂ ಮರೆತಿತ್ತು.

"ಕಣ್ಣಿನ ಸಂಗತಿ ನನಗ ಗೊತ್ತಿತ್ತು," ಎಂದರು.

"ಯಾವಾಗಿಂದ?"

"ಕಂಚಿಯಿಂದ ಬಂದ ದಿನದಿಂದ. ಅಲ್ಲವ್ವಾ, ಹತ್ತು ಹನ್ನೆರಡು ವರ್ಷ ಎದುರಿನ ಮೇಜಿನ್ಯಾಗ ಕೂತಾಕಿ ಕಣ್ಣು ಗುರ್ತು ಹತ್ತಾಂಗಿಲ್ಲೇನು? ನಾ ಫೋಟೊದಾವ, ಬಾಳೆಕಾಯಿ ಮಾರಾವಲ್ಲ."

"ಮತ್ತೆ ಯಾಕೇಳ್ನಿಲ್ಲ ನೀವು?"

"ಬೈಬೇಕಂತs ಹೊಂಟಿದ್ದೆ. ಅಷ್ಟರಾಗ ಆಕಿ ಗಂಡ ಬಂದ. ಫೋಟೊ ಎರಡೂ ಕೈಯಾಗ ಹಿಡ್ಕೊಂಡು, ಇಕೀನs ಅಂದ. ಅವಗ ಗೊತ್ತಿರಲಿಲ್ಲೇನು ಹೆಂಡತಿ ಕಣ್ಣು ಹೆಂಗಿತ್ತಂತ? ಗೊತ್ತಿತ್ತು. ಆದ್ರೂ ಇಕೀನs ಅಂದ. ಅಂಥಾವನ ಮುಂದ ನಾ ಏನ್ ಅನ್ನಲಿ? ಬಾಯಿ ಮುಚ್ಕೊಂಡು ಮೊಹರು ಹೊಡೆದೆ." ಮತ್ತೆ, "ಮಗಳು ದೊಡ್ಡಾಕಿ ಆಗಿ ಕೇಳ್ತಾಳಂತ ಇಬ್ರಿಗೂ ಹೊಳೀಲಿಲ್ಲ" ಎಂದರು.

ಜ್ಯೋತಿ ಕಾಫಿ ತಂದಳು. ಹತ್ತಿರದ ಶಾಲೆಯಲ್ಲಿ ಲೆಕ್ಕದ ಟೀಚರು. ಇಲ್ಲೇ ಹುಟ್ಟಿದವಳು, ಮಾತು ಕನ್ನಡದಲ್ಲಿ ಹೊರಟು ತಮಿಳಿಗೆ ಮುಟ್ಟುತ್ತದೆ.

"ಏನ್ ಮಾವ, ಇಬ್ಬರೂ ಸಪ್ಪಗೆ ಕೂತಿದ್ದೀರಿ? ಸಂಡೈಯಾ, ಜಗಳವಾ?"

"ಜಗಳ ಇಲ್ಲವ್ವಾ. ಸಾಕವ್ವ ಒಂದು ಕಾಗದ ಬರೀಬೇಕು. ಮೂರು ವರ್ಷ ತಡಾ ಆಗೇತಿ."

ವಿಷಯ ಕೇಳಿ ಜ್ಯೋತಿ ಎಂದಳು: "ಅಯ್ಯೋ, ಲೆಟರ್ ಎದಕ್ಕೆ? ಅವರ ನಂಬರ್ ಆ ಲೆಟರ್ ಕೆಳಗೆ ಇರುತ್ತಲ್ಲ. ಈಗಲೇ ಫೋನ್ ಹಾಕ್ತೀನಿ, ರೆಂಡೇ ನಿಮಿಷ."

"ಬೇಡ ಕಣಮ್ಮ," ಎಂದೆ. "ಇದು ಫೋನ್ನಲ್ಲಿ ಏಳೋ ಮಾತಲ್ಲ. ಅವ್ವನ ಮುಖ ಕೈಲಿ ಹಿಡ್ಕೊಂಡು ಓದ್ಬೇಕು ಆವಮ್ಮ."

ಜ್ಯೋತಿ ತನ್ನ ಲ್ಯಾಪ್‌ಟಾಪಿನ ಬಿಳಿ ಪರದೆಯ ಮೇಲೆ ನೆಗೆಟಿವ್ ಇಟ್ಟು ಫೋನಿನಲ್ಲಿ ಹಿಡಿದಳು. ಏನೋ ಒತ್ತಿದಳು, ಕಪ್ಪು ಬಿಳಿಯಾಯಿತು, ಬಿಳಿ ಕಪ್ಪಾಯಿತು. ಕತ್ತಲೆ ಕೋಣೆಯಲ್ಲಿ ನಾವು ತಟ್ಟೆಯ ನೀರಲ್ಲಿ ಕಾಯುತ್ತಿದ್ದ ಮುಖ ಎವೆಯಿಕ್ಕುವಷ್ಟರಲ್ಲಿ ಬಂದು ನಿಂತಿತು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಕೊಡದ ನೀರು ತುಳುಕಿ ತೋಳು ಒದ್ದೆ. ಬಲಗಣ್ಣು ನಮ್ಮನ್ನೇ ನೋಡುತ್ತಿದೆ. ಎಡಗಣ್ಣು ಮೂಗಿನ ಕಡೆ ಸರಿದಿದೆ. ನಗು ಮಾತ್ರ ಎರಡೂ ಕಣ್ಣಲ್ಲಿ ಒಂದೇ.

"ಹೆಂಗ ಅದಾಳ?" ಎಂದರು ಸೋಮಲಿಂಗಪ್ಪನವರು.

"ಚೆಂದಾಗವ್ಳೆ, ಅಣ್ಣೋರೆ. ನಾನು ಬರ್ದಿದ್ದಕ್ಕಿಂತ ಚೆಂದಾಗವ್ಳೆ."

"ಇರ್ತಾಳ, ಇರ್ತಾಳ," ಎಂದು ತಲೆಯಾಡಿಸಿದರು. ಅವರ ಮುಖದಲ್ಲಿ ನೀರಿನ ಲಾರಿಯ ಬಿಸಿಲೇ ಬಿದ್ದ ಹಾಗಿತ್ತು. ಕಣ್ಣಿದ್ದಾಗ ಈ ಮನುಷ್ಯ ಏನೆಲ್ಲ ನೋಡಿಟ್ಟಿದ್ದಾರೆ ಎನ್ನಿಸಿತು. ಕಣ್ಣಿದ್ದೂ ನಾನು ಕನ್ನಡಿ ನೋಡಿಕೊಂಡು ಕೂತಿದ್ದೆ.

ಮರುದಿನ ನಾನೂ ಜ್ಯೋತಿಯೂ ವಡಪಳನಿಯ ಲ್ಯಾಬಿಗೆ ಹೋದೆವು. ಕಂಪ್ಯೂಟರಿನ ಮುಂದೆ ಕೂತವನು ಚಿತ್ರವನ್ನು ದೊಡ್ಡದು ಮಾಡಿ, ತಲೆ ಕೆರೆದು, ತಮಿಳಿನಲ್ಲೇ ಕೇಳಿದ: "ಪಾಟೀ, ಕಣ್ಣು ಕೊಂಜಂ ಒರು ಮಾದಿರಿ ಇರುಕ್ಕು. ಸರಿ ಪಣ್ಣಿಡಟ್ಟುಮಾ?" ಅಜ್ಜಿ, ಕಣ್ಣು ಒಂದು ಥರಾ ಇದೆ, ಸರಿ ಮಾಡಿಬಿಡಲೇ ಎಂದು. ಕೇಳುತ್ತಲೇ ಗುಂಡಿ ಒತ್ತಿದ. ಎಡಗಣ್ಣು ತಟ್ಟನೆ ಸರಿದು ನೆಟ್ಟಗೆ ನಿಂತಿತು. ನಾನು ಒಂದು ಮಧ್ಯಾಹ್ನವೆಲ್ಲ ಕೂತು ಮಾಡಿದ ತಪ್ಪನ್ನು ಅವನು ಒಂದು ಗಳಿಗೆಯಲ್ಲಿ ಮಾಡಿದ್ದ.

"ವೇಂಡಾಂ ಸಾಮಿ," ಎಂದೆ. "ಇರುಕ್ಕುರ ಮಾದಿರಿಯೇ ಕುಡು."

"ಕೊಡಪ್ಪ, ಇರೋ ಹಾಗೇ ಕೊಡು," ಎಂದು ಜ್ಯೋತಿ ಅಪರೂಪಕ್ಕೆ ಪೂರ್ತಿ ಕನ್ನಡದಲ್ಲೇ ಗದರಿದಳು. ಅವನಿಗೆ ಅರ್ಥವಾಯಿತು. ಕಣ್ಣನ್ನು ಮತ್ತೆ ಅದರ ಜಾಗಕ್ಕೆ ಬಿಟ್ಟ.

ಪ್ರಿಂಟು ಮನೆಗೆ ತಂದು ಕುಂಚ ತೆಗೆದೆ. ವಯಸ್ಸಾದ ಕೈ, ಆದರೂ ಚುಕ್ಕಿಗೆ ಸಾಲುತ್ತದೆ. ಲಾರಿಯ ಮೇಲಿನವು, ಕೊಡದ ಮೇಲಿನವು, ಸೀರೆಯ ಮೇಲಿನವು ಮುಚ್ಚಿದೆ. ಎಡಗಣ್ಣಿನ ಕೆಳಗೆ ಒಂದು ಚುಕ್ಕಿ ಇತ್ತು. ಕುಂಚ ಅಲ್ಲಿಯವರೆಗೆ ಹೋಯಿತು.

"ಅಣ್ಣೋರೆ, ಕಣ್ಣಿನ ಹತ್ರ ಒಂದು ಚುಕ್ಕಿ ಅದೆ."

"ಧೂಳಾ?"

"ಧೂಳೇ."

"ಇರಲಿ ಬಿಡು. ಆ ಕಣ್ಣಿನ ಹಂತ್ಯಾಕ ನಾವು ಇನ್ನ ಹೋಗೂದು ಬ್ಯಾಡ."

ಕುಂಚ ತೊಳೆದಿಟ್ಟೆ.

ಕಾಗದಕ್ಕೆ ಎರಡು ದಿನ ಹಿಡಿಯಿತು. ನೀವು ಹೇಳಿ, ನಾನು ಬರೆಯುತ್ತೇನೆ ಎಂದರೆ ಅವರು ಒಪ್ಪಲಿಲ್ಲ. "ನೀ ಮಾಡಿದ್ದು ನೀ ಬರಿ. ನಾ ಮಾಡಿದ್ದು ಕೆಳಗ ಎರಡು ಸಾಲು ಹೇಳ್ತೀನಿ," ಎಂದರು. ಬರೆದದ್ದರಲ್ಲಿ ಅರ್ಧ ಹೊಡೆದುಹಾಕಿ ಉಳಿದದ್ದು ಇಷ್ಟು:

'ತಾಯಿ ತೇಜಶ್ರೀ, ನಿನ್ನ ಕಾಗದ ಬಂದು ಮೂರು ವರ್ಷವಾಯಿತು. ಓದಿ ಬಚ್ಚಿಟ್ಟವಳು ನಾನು, ಸ್ಟುಡಿಯೊದವರದು ಅದರಲ್ಲಿ ತಪ್ಪಿಲ್ಲ. ನಿಮ್ಮ ಮನೆಯ ಫೋಟೊದಲ್ಲಿರುವ ಕಣ್ಣು ನಿಮ್ಮವ್ವನದಲ್ಲ, ನನ್ನದು. ಹೋಲುವವರನ್ನು ನೋಡದೆ ಬರೆದೆ. ಅವಳ ಕಣ್ಣು ಇದರ ಜೊತೆ ಇಟ್ಟಿದ್ದೇನೆ. ಇದರಲ್ಲಿ ಮುಖದ ಮೇಲೆ ನಾನು ಏನೂ ತಿದ್ದಿಲ್ಲ. ನೀನು ನಿಮ್ಮವ್ವನನ್ನೇ ಹೋತಿದ್ದೀಯ, ನಿನ್ನ ಮಗಳು ನಿಮ್ಮಿಬ್ಬರನ್ನೂ. ಡಾಕ್ಟರಿಗೆ ಇದನ್ನು ತೋರಿಸು. ತಡ ಮಾಡಿದ್ದಕ್ಕೆ ಮಗುವಿಗೆ ಏನಾದರೂ ಕೆಟ್ಟದ್ದಾಗಿದ್ದರೆ ಅದೂ ನನ್ನ ಮೇಲೆಯೇ.

ಹಸಿರು ಕೊಡ. ಚಿತ್ರದಲ್ಲಿ ಬಣ್ಣ ಕಾಣದು, ಅದಕ್ಕೆ ಬರೆದೆ.'

ಅದರ ಕೆಳಗೆ ಸೋಮಲಿಂಗಪ್ಪನವರ ಎರಡು ಸಾಲು: 'ಗೊತ್ತಿದ್ದೂ ಮೊಹರು ಹೊಡೆದವ ನಾನು. ನಿಮ್ಮವ್ವ ನನಗೆ ಏನು ಅಂದಳು ಅನ್ನೋದು ಕವರಿನ ಮೇಲಿದೆ, ಅದನ್ನೂ ಕಳಿಸೀನಿ, ಅದು ನಿನಗೇ ಸೇರಬೇಕಾದ್ದು.' ಸಹಿಯನ್ನು ಅವರೇ ಹಾಕಿದರು. ನಾನು ಅವರ ಬೆರಳನ್ನು ಸಾಲಿನ ಮೇಲೆ ಇಟ್ಟೆ, ಅಷ್ಟೆ. ಅಕ್ಷರ ಒಂದರ ಮೇಲೊಂದು ಹತ್ತಿಕೊಂಡವು.

ಹಳೆಯ ಕವರನ್ನು ಒಳಗಿಡುವ ಮುಂಚೆ, "ಕೊಟ್ಟಾಯ್ತು ಅಂತ ಬರೀಲಾ?" ಎಂದು ಕೇಳಿದೆ.

"ಮುಟ್ಟಲಿ ಮೊದಲು," ಎಂದರು. "ಬೇಕಾದ್ರ ಆಕೀನs ಬರ್ಕೊಳ್ಳಲಿ."

ಪೋಸ್ಟಾಫೀಸಿಗೆ ನಾನೊಬ್ಬಳೇ ಹೋದೆ. ಸಾಲಿನಲ್ಲಿ ನನ್ನ ಮುಂದೆ ಏಳು ಜನ. ಮೂರು ವರ್ಷ ನಿಂತವಳಿಗೆ ಏಳು ಜನ ಹೆಚ್ಚೇ? ಕೌಂಟರಿನ ಹುಡುಗಿ ಸ್ಪೀಡ್ ಪೋಸ್ಟಿನ ಚೀಟಿ ಅಂಟಿಸುತ್ತ, "ಉಳ್ಳೆ ಎನ್ನ ಇರುಕ್ಕು ಪಾಟಿ? ಮಡಿಸಬಾರದಾ?" ಎಂದು, ಒಳಗೇನಿದೆ ಎನ್ನುವುದಕ್ಕೆ ಕನ್ನಡವನ್ನೂ ಸೇರಿಸಿ ಕೇಳಿದಳು. ಮೇಲಿನ ದಾವಣಗೆರೆ ಎಂಬ ಹೆಸರು ಓದಿಕೊಂಡಿರಬೇಕು.

"ಫೋಟೊ ಅದೆ ಕಣಮ್ಮ. ಮಡಿಸ್ಬಾರ್ದು."

ಅವಳು ಕೈ ಚಾಚಿದಳು. ಕವರಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. "ವಿಡುಂಗ ಪಾಟಿ," ಎಂದಳು. ಬಿಟ್ಟೆ. ಮೊಹರು ಹೊಡೆದು ಹಿಂದಿನ ಚೀಲಕ್ಕೆ ಹಾಕಿದಳು, ಮಡಿಸದೆ.